ಹಣ್ಣು ತುಳಿಯದ ಕಾಲು

ನಾನು ಹಣ್ಣು ತುಳಿದಿರಲಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ. ಮಿಕ್ಕಿದ್ದೆಲ್ಲ ಆಮೇಲೆ.

ರೇಷ್ಮೆ ಹುಳ ಸಾಕುವ ಮನೆಯವರಿಗೆ ಈ ಮಾತಿನ ತೂಕ ಗೊತ್ತು. ಬೇರೆಯವರಿಗೆ ಹೇಳುತ್ತೇನೆ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕಡಿಯುವುದು ತಡವಾದರೆ ಗಿಡ ಹಣ್ಣು ಬಿಡುತ್ತದೆ. ಹಣ್ಣು ಮಾಗಿ ನೆಲಕ್ಕೆ ಉದುರುತ್ತದೆ. ಅದನ್ನು ತುಳಿದ ಕಾಲಲ್ಲಿ ಹುಳದ ಮನೆಗೆ ಬಂದರೆ ಆ ಸಿಹಿಯ ಜಾಡು ಹಿಡಿದು ಇರುವೆ ಬರುತ್ತದೆ. ಇರುವೆ ಬಂದರೆ ತಟ್ಟೆಯಲ್ಲಿ ಹುಳ ಉಳಿಯುವುದಿಲ್ಲ. ಅಂಥ ಕೆಲಸ ಮಾಡಿದವನು ಇವನೇ ಎಂದು, ಸೊಪ್ಪು ಕಡಿಯಲು ಬಂದಿದ್ದ ಹೆಂಗಸರೆಲ್ಲರ ಎದುರು, ನನ್ನ ಅಕ್ಕ ಆದಿಲಕ್ಷ್ಮಮ್ಮ ನನ್ನ ಎಡಗಾಲನ್ನು ಎತ್ತಿ ಹಿಡಿದು ತೋರಿಸಿದಳು. ಲಾಳ ಕಟ್ಟುವವನು ಎತ್ತಿನ ಕಾಲು ಹಿಡಿಯುತ್ತಾನಲ್ಲ, ಹಾಗೆ.

"ನೋಡ್ರಮ್ಮಾ, ನೋಡ್ರಿ! ಚಪ್ಪಲಿ ಇಲ್ದೆ ತೋಟಕ್ಕೆ ಇಳೀಬೇಡ ಅಂತ ಡಾಕ್ಟ್ರು ಬಡ್ಕೊಂಡವ್ರೆ. ಇವನು ಬರಿಗಾಲಲ್ಲಿ ಹೋಗಿ ಹಣ್ಣು ತುಳ್ಕೊಂಡು ಬಂದವ್ನೆ!"

"ನಾನು ತುಳ್ದಿಲ್ಲ ಕಣಕ್ಕಾ!"

"ತುಳೀದೆ ಬಣ್ಣ ಎಲ್ಲಿಂದ ಬಂತು? ಆಕಾಶದಿಂದ ಉದುರ್ತಾ?"

ಹೆಬ್ಬೆರಳಿನ ಬುಡದ ಕೆಳಗೆ, ಪಾದದ ಒಳಮಗ್ಗುಲಿಗೆ, ನೇರಳೆ ಬಣ್ಣದ ಒಂದು ಕಲೆ ಇದ್ದದ್ದು ನಿಜ. ಒಂದು ಹಣ್ಣನ್ನು ಇಟ್ಟು ಒತ್ತಿದರೆ ಎಷ್ಟು ಅಗಲ ಹರಡುತ್ತದೋ ಅಷ್ಟು. ಕೂಲಿಗೆ ಬರುವ ಮುನಿಶಾಮಮ್ಮ ಕುಡುಗೋಲು ಕೆಳಗಿಟ್ಟು, ಬಗ್ಗಿ ನೋಡಿ, "ಅಣ್ಣಯ್ಯಂಗೆ ಹಣ್ಣು ತಿನ್ನೋಕೆ ಬಾಯಿ ಸಾಲ್ದೆ ಕಾಲಲ್ಲೂ ತಿಂದವ್ರೆ," ಅಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನೀರಿನ ಬಕೆಟ್ಟನ್ನು ಒದ್ದು ಹೊರಗೆ ಹೋದೆ. ಬಕೆಟ್ಟು ನೆಗ್ಗಿಹೋಯಿತು, ಅದು ಬೇರೆ ಮಾತು.

ಆಮೇಲೆ ಎಲ್ಲ ಗೊತ್ತಾಯಿತು. ಗೊತ್ತಾದ ಮೇಲೂ, "ಅಮರಾ, ನೀನು ತುಳ್ದಿರ್ಲಿಲ್ಲ ಕಣೋ, ನಂದೇ ತಪ್ಪು," ಎಂದು ಆ ಹೆಂಗಸರೆಲ್ಲರ ಎದುರು ಅಕ್ಕ ಒಂದು ಸಲ ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಕೇಳಿದರೆ, "ಅಯ್ಯೋ, ಅದೊಂದು ದೊಡ್ಡ ವಿಷ್ಯಾನಾ," ಅನ್ನುತ್ತಾಳೆ. ನನಗೆ ದೊಡ್ಡ ವಿಷಯವೇ.

ಅಕ್ಕನ ವಿಚಾರ ಬರೆಯಲು ಕೂತಿದ್ದೇನೆ, ಆದ್ದರಿಂದ ಅವಳು ಯಾರೆಂದು ಸರಿಯಾಗಿ ಹೇಳಬೇಕು. ನಮ್ಮ ಹುಟ್ಟೂರು ಶ್ರೀನಿವಾಸಪುರದ ಕಡೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನಾನು ಇನ್ನೂ ಚಡ್ಡಿ ಹಾಕಲು ಬಾರದವನಿದ್ದಾಗ ಅಮ್ಮ ತೀರಿಹೋದಳು. ಅಕ್ಕನಿಗೆ ಮದುವೆಯಾಗಿ ವಕ್ಕಲೇರಿ ಹೋಬಳಿಯ ಈ ಊರಿಗೆ ಹೊರಟಾಗ, ಪಾತ್ರೆ, ಚಾಪೆ, ಹಾಸಿಗೆಯ ಜೊತೆ ನನ್ನನ್ನೂ ಗಾಡಿಗೆ ಹತ್ತಿಸಿಕೊಂಡಳು. ಬೀಗರು, "ಹುಡುಗ ಯಾವಾಗ ವಾಪಸ್ ಹೋಗ್ತಾನೆ?" ಅಂತ ಕೇಳಿದರಂತೆ. "ಇವನು ಸಾಮಾನಿನ ಲೆಕ್ಕದಲ್ಲಿ ಬಂದವ್ನೆ, ಸಾಮಾನು ವಾಪಸ್ ಹೋಗ್ತದಾ?" ಅಂದಳಂತೆ ಅಕ್ಕ, ಹೊಸ ಮದುವಣಗಿತ್ತಿ, ಸೆರಗು ತಲೆಯ ಮೇಲೆ ಹೊದ್ದುಕೊಂಡೇ.

ನಮ್ಮ ಭಾವ ಕೋದಂಡರಾಮಪ್ಪನಿಗೆ ಮಾತು ಕಡಿಮೆ. ಅವರ ಪಾಲಿನದನ್ನೂ ಸೇರಿಸಿ ಅಕ್ಕ ಆಡುತ್ತಾಳೆ. ಹುಳಗಳ ಜೊತೆಯೂ ಆಡುತ್ತಾಳೆ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ಹುಳದ ಮನೆಯಲ್ಲಿ ಯಾರೂ ಜೋರಾಗಿ ಉಸಿರೂ ಬಿಡಬಾರದು. ಅಕ್ಕ ಮಾತ್ರ ತಟ್ಟೆಯ ಹತ್ತಿರ ಬಗ್ಗಿ, "ಮಲ್ಕೊಳ್ಳಮ್ಮಾ, ಎದ್ದ ಮೇಲೆ ಎಳೇ ಸೊಪ್ಪು ಕೊಡ್ತೀನಿ," ಅಂತ ಹೇಳಿಬರುತ್ತಾಳೆ. ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾಳೆ. ಅವಳ ತೆಲುಗು ಕೇಳಿದರೆ ನಾಯಿಗಳು ಕೂಡ ಹಿತ್ತಲಿಗೆ ಹೋಗುತ್ತವೆ.

ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟು, ಮುಂದೆ ಟೊಮೇಟೊ ಟೆಂಪೋ ಓಡಿಸತೊಡಗಿದೆ. ಅಕ್ಕ ತನ್ನ ಮಗಳು ಪದ್ಮಶ್ರೀಯನ್ನು ನನಗೇ ಕೊಟ್ಟು ಮದುವೆ ಮಾಡಿದಳು. ನಮ್ಮಲ್ಲಿ ಅಕ್ಕನ ಮಗಳನ್ನು ತರುವುದು ಹೊಸದಲ್ಲ. "ಹೊರಗಿನಿಂದ ತಂದು ಇವನ ಸಿಟ್ಟಿಗೆ ಯಾವಳನ್ನೋ ಬಲಿ ಹಾಕೋದಕ್ಕಿಂತ, ನಮ್ಮ ಪದ್ಮನೇ ವಾಸಿ. ಅವಳಿಗೆ ಅಭ್ಯಾಸ ಐತೆ," ಅಂತ ಊರಿಗೆಲ್ಲ ಹೇಳಿದಳು. ಹೀಗೆ ಅಕ್ಕ ನನಗೆ ಅತ್ತೆಯೂ ಆದಳು. ನಾನು ಮಾತ್ರ ಅಕ್ಕ ಎಂದೇ ಕರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಎರಡು ಕಿಡ್ನಿಯೂ ಕೈಕೊಟ್ಟವು. ಮುಖ ಊದಿತು, ಕಾಲು ಊದಿತು. ಕೋಲಾರಕ್ಕೆ ಹೋಗಿ ಮಿಷನ್ನಿನ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರುವುದೇ ಬದುಕಾಯಿತು. ಯಾರು ಕೊಡಬೇಕು, ಯಾರದು ಹೊಂದುತ್ತದೆ ಎಂದು ಮನೆಯಲ್ಲಿ ಮಾತು ಶುರುವಾಗುವ ಮೊದಲೇ ಅಕ್ಕ ಸೀರೆ ಬದಲಾಯಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಅವಳ ರಕ್ತ ನನಗೆ ಚೆನ್ನಾಗಿ ಹೊಂದಿತು. ಕಸಿಗೆ ಒಪ್ಪಿಗೆ ಕೊಡುವ ಕಮಿಟಿಯವರು ಒಂದು ಟೇಬಲ್ಲಿನ ಹಿಂದೆ ಕೂತಿದ್ದರು.

"ಪೇಷಂಟಿಗೆ ನೀವೇನಾಗಬೇಕಮ್ಮ?"

"ಅಕ್ಕ."

"ಇವರ ಹೆಂಡತಿ ನಿಮ್ಮ ಮಗಳು ಅಂತಾರಲ್ಲ?"

"ಹೌದು ಸಾರ್. ಅತ್ತೆ."

"ಅಮ್ಮಾ, ಅಕ್ಕನೋ, ಅತ್ತೆಯೋ?"

"ಅವನು ಹುಟ್ಟಿದಾಗಿಂದ ಅಕ್ಕ, ತಾಳಿ ಕಟ್ಟಿದ ಮೇಲೆ ಅತ್ತೆ. ನಿಮಗೆ ಯಾವ್ದು ಸಲೀಸೋ ಅದನ್ನ ಬರ್ಕೊಳ್ಳಿ. ಕಿಡ್ನಿ ಎರಡರದ್ದೂ ಒಂದೇ."

ಅಧಿಕಾರಿಗಳು ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ.

ಆಪರೇಷನ್ ಆಗಿ ಮೂರು ವಾರಕ್ಕೆಲ್ಲ ಅಕ್ಕ ಎದ್ದು ಓಡಾಡಿದಳು. ಅಂದಿನಿಂದ ನನ್ನ ಹೊಟ್ಟೆಯಲ್ಲಿರುವ ಆ ಕಿಡ್ನಿಗೆ ಅವಳು ಇಟ್ಟ ಹೆಸರು "ನಮ್ಮ ಹುಡುಗಿ". ಬೆಳಗ್ಗೆ ಎದ್ದರೆ ಮೊದಲು ಅವಳನ್ನೇ ವಿಚಾರಿಸುವುದು.

"ಏನಂತಾಳೆ ನಮ್ಮ ಹುಡುಗಿ? ನೀರು ಕೊಟ್ಟಾ?"

"ಕೊಟ್ಟೆ ಅಕ್ಕಾ."

"ಎರಡು ಹೆಣ್ಣು ಕೊಟ್ಟಿದೀನಿ ಕಣೋ ನಿನಗೆ. ಒಬ್ಳು ಅಡುಗೆ ಮನೇಲವ್ಳೆ, ಕೂಗಿ ಕೇಳ್ತಾಳೆ. ಇನ್ನೊಬ್ಳಿಗೆ ಬಾಯಿಲ್ಲ. ಅವಳನ್ನ ಚೆನ್ನಾಗಿ ನೋಡ್ಕೋ."

ಪದ್ಮ ಅಡುಗೆ ಮನೆಯಿಂದಲೇ, "ಬಾಯಿಲ್ಲದವಳ ಮೇಲೇ ಎಲ್ರಿಗೂ ಪ್ರೀತಿ," ಅಂತ ಕೂಗುತ್ತಿದ್ದಳು.

ಬೇರೆಯವರ ಅಂಗವನ್ನು ಮೈ ತನ್ನದು ಎಂದು ಒಪ್ಪುವುದಿಲ್ಲ. ಅದರ ಮೇಲೆ ಜಗಳಕ್ಕೆ ಹೋಗುತ್ತದೆ. ಜಗಳ ಆಡದಂತೆ ಮೈಯ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ಜೀವ ಇರುವವರೆಗೆ ನುಂಗಬೇಕು. ಹಾಗಾಗಿ ಮಣ್ಣು, ಗೊಬ್ಬರ, ಧೂಳು ಇವುಗಳಿಂದ ದೂರ ಇರಬೇಕು, ಬರಿಗಾಲಲ್ಲಿ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಪಾಲಿಸುತ್ತಿದ್ದೆ. ಟೆಂಪೋ ಮಾರಿ, ಹುಳದ ಮನೆಯಲ್ಲಿ ಕೈಗೆ ಗ್ಲೌಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೂಡು ಬಿಡಿಸುವ, ಲೆಕ್ಕ ನೋಡುವ ಕೆಲಸ ಮಾಡಿಕೊಂಡಿದ್ದೆ. ಆದ್ದರಿಂದಲೇ ಆ ಹಣ್ಣಿನ ಆರೋಪ ನನಗೆ ಅಷ್ಟು ಚುಚ್ಚಿದ್ದು.

ಆರೋಪ ಹೊರಿಸಿ ಅಕ್ಕ ಸುಮ್ಮನಾಗಲಿಲ್ಲ. ಹಣ್ಣಿನ ಕಲೆಗೆ ನಮ್ಮಲ್ಲಿ ಒಂದು ಮದ್ದು ಇದೆ. ಅದೇ ಗಿಡದ ಹಸಿರು ಕಾಯಿಯನ್ನು ಜಜ್ಜಿ ಉಜ್ಜಿದರೆ ಕೈಗೆ ಹತ್ತಿದ ಬಣ್ಣ ಬಿಡುತ್ತದೆ. ಸೋಪಿಗೂ ಬಿಡದ್ದು ಅದಕ್ಕೆ ಬಿಡುತ್ತದೆ. ಸಂಜೆಯಾದರೆ ಅಕ್ಕ ಸೆರಗಿನಲ್ಲಿ ಒಂದು ಹಿಡಿ ಕಾಯಿ ತಂದು, ನನ್ನನ್ನು ಜಗಲಿಯ ಮೇಲೆ ಕೂರಿಸಿ, ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಉಜ್ಜುತ್ತಿದ್ದಳು. ನಾನು ಬೈಯುತ್ತಿದ್ದೆ, ಅವಳು ಉಜ್ಜುತ್ತಿದ್ದಳು. ಭಾವ ಎದುರಿಗೆ ಕೂತು ನೋಡುತ್ತಿದ್ದರು. ಒಂದು ಸಲ ಮಾತ್ರ ಬಾಯಿಬಿಟ್ಟು, "ಚರ್ಮ ಬಿಟ್ಟೀತು," ಅಂದರು.

"ಬಿಟ್ರೆ ಬಿಡ್ಲಿ, ಬಣ್ಣ ಅದರ ಜೊತೇಲೇ ಹೋಗ್ತದೆ."

ಬಣ್ಣ ಹೋಗಲಿಲ್ಲ. ಬದಲಿಗೆ ಪಕ್ಕದಲ್ಲಿ ಇನ್ನೊಂದು ಬಂತು. "ಮತ್ತೆ ತುಳ್ದಾ!" ಎಂದು ಹೊಸ ಗಲಾಟೆ. ನನ್ನ ಮೇಲೆ ಕಾವಲಿಗೆ ಅಕ್ಕ ಮುನಿಶಾಮಮ್ಮನನ್ನು ನೇಮಿಸಿದಳು. ಅವಳು ತೋಟದ ಬದುವಿನಲ್ಲಿ ನಿಂತು, "ಅಣ್ಣಯ್ಯಾ, ಅಲ್ಲೇ ನಿಲ್ಲಿ, ನಾನು ನೋಡ್ತಾ ಇವ್ನಿ," ಎಂದು ಕೂಗುವಳು. ನನ್ನದೇ ತೋಟದಲ್ಲಿ ನಾನು ಕಳ್ಳ.

ಆ ಬೆಳೆ ಮುಗಿಯಿತು. ಗೂಡು ಮಾರಿ ಬಂದ ಮೇಲೆ ಗಿಡಗಳನ್ನು ಬುಡಕ್ಕೆ ಕಟಾವು ಮಾಡಿದೆವು. ಕಟಾವಾದ ತೋಟ ಎಂದರೆ ಬರೀ ಮೊಂಡು ಸಾಲು. ಎಲೆಯಿಲ್ಲ, ಹಣ್ಣಿಲ್ಲ. ಹಕ್ಕಿಗಳೂ ಬರುವುದಿಲ್ಲ. ಕೆಲಸ ಇಲ್ಲದ ಆ ವಾರ ನಾನು ಸ್ನಾನ ಮಾಡಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಅಕ್ಕ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇರುತ್ತಿದ್ದವಳ ಕೈ ನಿಂತಿತು. ನನ್ನ ಬಲಗಾಲನ್ನು ನೋಡುತ್ತಿದ್ದಳು. ಗುಲಗಂಜಿಯಷ್ಟು ಒಂದು ಹೊಸ ಕಲೆ, ಅದೇ ನೇರಳೆ ಬಣ್ಣ.

ಬೈಗುಳ ಬರುತ್ತದೆ ಎಂದು ನಾನು ಸಿದ್ಧನಾದೆ. ಬರಲಿಲ್ಲ. ಅವಳು ತಲೆ ಎತ್ತಿ ತೋಟದ ಕಡೆ ನೋಡಿದಳು. ಮೊಂಡು ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಮೊರ ಕೆಳಗಿಟ್ಟು ಬಂದು, ಹೆಬ್ಬೆರಳಿಗೆ ಉಗುಳು ಹಚ್ಚಿ ಆ ಕಲೆಯನ್ನು ಒಂದೇ ಒಂದು ಸಲ ಒತ್ತಿದಳು.

"ಏಮಿರಾ ಇದಿ?" ಅಂದಳು. ಮೆಲ್ಲಗೆ. ಏನೋ ಇದು, ಎಂದು. ಈ ಊರಿಗೆ ಬಂದ ಮೇಲೆ ಅವಳು ತೆಲುಗನ್ನು ಮೆಲ್ಲಗೆ ಆಡಿದ್ದು ನಾನು ಕೇಳಿದ್ದೇ ಆವತ್ತು.

"ಏನೋ ಗೊತ್ತಿಲ್ಲ ಅಕ್ಕಾ."

"ತೋಟದಲ್ಲಿ ಒಂದು ಹಣ್ಣಿಲ್ಲ. ಎದ್ದೇಳು. ಷರ್ಟು ಹಾಕ್ಕೋ."

ಕೋಲಾರದ ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಸಾಧಾರಣವಾಗಿಯೇ ನೋಡಿದರು. ಕಿಡ್ನಿ ಕಸಿಯಾಗಿದೆ ಎಂದ ತಕ್ಷಣ ಕುರ್ಚಿ ಹತ್ತಿರ ಎಳೆದುಕೊಂಡರು. ಬೆರಳ ಸಂದು, ಮೊಣಕಾಲ ಹಿಂದೆ, ಬಾಯೊಳಗೆ, ಎಲ್ಲ ಕಡೆ ಬೆಳಕು ಹಾಕಿ ನೋಡಿದರು.

"ಎಷ್ಟು ದಿನದಿಂದ ಇದೆ? ಏನಾದ್ರೂ ಹಚ್ಚಿದ್ರಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಹಿಪ್ಪುನೇರಳೆ ಕಾಯಿ ಉಜ್ಜಿದ್ವಿ ಡಾಕ್ಟ್ರಮ್ಮಾ."

"ಯಾಕೆ?"

"ಹಣ್ಣಿನ ಕಲೆ ಅನ್ಕೊಂಡ್ವಿ."

ಡಾಕ್ಟರು ನಗದೆ ಇರಲು ತುಟಿ ಕಚ್ಚಿಕೊಂಡರು. "ಇನ್ಮೇಲೆ ಉಜ್ಜಬೇಡಿ. ಕಸಿ ಮಾಡಿಸ್ಕೊಂಡವರ ಚರ್ಮದ ಮೇಲೆ ಏನೇ ಹೊಸದಾಗಿ ಕಂಡ್ರೂ ಮೊದಲು ನಮಗೆ ತೋರಿಸ್ಬೇಕು," ಅಂದರು. ಕಲೆಯಿಂದ ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬೆಂಗಳೂರಿನ ನಮ್ಮ ಕಿಡ್ನಿ ಡಾಕ್ಟರಿಗೆ ನಮ್ಮೆದುರೇ ಫೋನು ಮಾಡಿದರು.

ರಿಪೋರ್ಟು ಬಂತು. ಬೆಂಗಳೂರಿನಲ್ಲಿ ಕಿಡ್ನಿ ಡಾಕ್ಟರು ನಮ್ಮನ್ನು ಕೂರಿಸಿ, ನೀರು ಕೊಡಿಸಿ ಹೇಳಿದರು. ಅದರ ಹೆಸರು ಕಪೋಸಿ ಸಾರ್ಕೋಮಾ. ರಕ್ತನಾಳದ ಒಳಪದರದಿಂದ ಹುಟ್ಟಿ ಚರ್ಮದಲ್ಲಿ ನೇರಳೆ ಕಲೆಯಾಗಿ ಕಾಣುವ ಒಂದು ಬಗೆಯ ಕ್ಯಾನ್ಸರ್. ಮಾಮೂಲಿ ಜನಕ್ಕೆ ಬಹಳ ಅಪರೂಪ.

"ಇದರ ಹಿಂದೆ ಒಂದು ವೈರಸ್ ಇರುತ್ತೆ ಅಮರನಾಥ್. ಕೆಲವರ ಮೈಯಲ್ಲಿ ಸುಮ್ಮನೆ ಮಲಗಿರುತ್ತೆ. ಮೈಯ ಕಾವಲುಗಾರರು ಗಟ್ಟಿಯಾಗಿದ್ರೆ ಅದು ಏಳೋದೇ ಇಲ್ಲ. ನಿಮ್ಮ ಕಾವಲುಗಾರರನ್ನ ಕಿಡ್ನಿಗೋಸ್ಕರ ನಾವೇ ಮಾತ್ರೆ ಕೊಟ್ಟು ಮಲಗಿಸಿದೀವಿ. ಅವರು ಮಲಗಿದ್ರು, ಇದು ಎದ್ದಿತು."

ಕ್ಯಾನ್ಸರ್ ಎಂಬ ಪದ ಕೇಳಿದ ಮೇಲೆ ನನಗೆ ಮಿಕ್ಕ ಮಾತು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಅಕ್ಕ ಪೂರ್ತಿ ಕೇಳಿದಳು.

"ಹಂಗಾದ್ರೆ ಕಾವಲುಗಾರರನ್ನ ಎಬ್ಬಿಸ್ಬೇಕು. ಅಷ್ಟೇ ತಾನೇ ಸಾರ್?"

"ಅಷ್ಟೇ ಅಮ್ಮ. ಮಾತ್ರೆ ಕಡಿಮೆ ಮಾಡ್ತೀವಿ. ಒಂದನ್ನ ಪೂರ್ತಿ ತೆಗೆದು ಬೇರೆ ಜಾತಿಯ ಮಾತ್ರೆ ಕೊಡ್ತೀವಿ. ಅದು ಕಿಡ್ನೀನೂ ಕಾಯುತ್ತೆ, ಈ ಕಲೆಗಳನ್ನೂ ಅಡಗಿಸುತ್ತೆ. ಸುಮಾರು ಜನಕ್ಕೆ ಇಷ್ಟರಿಂದಲೇ ವಾಸಿಯಾಗಿದೆ. ಆದ್ರೆ..."

"ಆದ್ರೆ?"

"ಕಾವಲುಗಾರರು ಎದ್ರೆ ಕಿಡ್ನಿ ಮೇಲೂ ಕಣ್ಣು ಹಾಕಬಹುದು. ಕಿಡ್ನಿಗೆ ಅಪಾಯ ಇಲ್ಲ ಅಂತ ನಾನು ಮಾತು ಕೊಡೋಕಾಗಲ್ಲ."

ಅಲ್ಲಿಗೆ ನನ್ನ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಹೇಳಲಾರೆ. "ಬೇಡ ಸಾರ್! ಕಲೆ ಇದ್ರೆ ಇರ್ಲಿ, ಷೂ ಹಾಕ್ಕೊಂಡ್ರೆ ಯಾರಿಗೂ ಕಾಣಲ್ಲ. ಅಕ್ಕ ಹೊಟ್ಟೆ ಕೊಯ್ಸ್ಕೊಂಡು ಕೊಟ್ಟಿರೋದನ್ನ ನಾನು ಕಳೆಯಲ್ಲ. ಮಾತ್ರೆ ಮುಟ್ಬೇಡಿ!" ಎಂದು ಎದ್ದು ನಿಂತೆ. ಪಕ್ಕದ ರೂಮಿನ ನರ್ಸು ಇಣುಕಿ ನೋಡಿದಳು.

ಅಕ್ಕ ನನ್ನ ಷರ್ಟಿನ ಹಿಂಭಾಗ ಹಿಡಿದು ಎಳೆದು ಕೂರಿಸಿದಳು.

"ಕೂತ್ಕೊಳ್ಳೋ. ಕೊಟ್ಟೋಳು ನಾನು. ನಿನಗೆ ಅಂತ ಕಿಡ್ನಿ ಕೊಟ್ಟೆ. ಕಿಡ್ನಿಗೆ ಅಂತ ನಿನ್ನ ಕೊಟ್ನಾ?"

"ಅಲ್ಲ ಅಕ್ಕಾ..."

"ಅಲ್ಲ ಗಿಲ್ಲ ಏನಿಲ್ಲ. ಸಾರ್, ಅವನ ಮಾತು ಬಿಡಿ, ಚಿಕ್ಕಂದಿನಿಂದ ಹಿಂಗೇ. ನೀವು ಮಾತ್ರೆ ಬರೀರಿ. ನಮ್ಮ ಹುಡುಗಿ ಗಟ್ಟಿಗಿತ್ತಿ, ನಮ್ಮ ಮನೆತನ. ಅವಳು ತಡ್ಕೋತಾಳೆ."

"ಹುಡುಗೀನಾ? ಯಾವ ಹುಡುಗಿ?" ಅಂದರು ಡಾಕ್ಟರು.

ಅಕ್ಕ ವಿವರಿಸಿದಳು. ಕ್ಯಾನ್ಸರ್ ಎಂದು ಹೇಳಿದ ಆ ರೂಮಿನಲ್ಲಿ, ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆವತ್ತಿನಿಂದ ಅವರೂ, "ನಿಮ್ಮ ಹುಡುಗಿ ಹೇಗಿದಾಳೆ?" ಎಂದೇ ಕೇಳುವುದು.

ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು, ಸ್ಕ್ಯಾನ್ ಮಾಡಿದರು. ಒಳಗೆಲ್ಲೂ ಕಲೆ ಇರಲಿಲ್ಲ, ಎರಡು ಪಾದಗಳ ಮೇಲೆ ಮಾತ್ರ. ಅದು ಮೊದಲ ಒಳ್ಳೆಯ ಸುದ್ದಿ. ಪದ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದಳು. ಭಾವ ಎರಡನೆಯದನ್ನೂ ಕೇಳಿ ಹಾಕಿಸಿಕೊಂಡರು.

ಹೊಸ ಮಾತ್ರೆ ಶುರುವಾಯಿತು. ಬಾಯಲ್ಲಿ ಹುಣ್ಣಾಗಿ ಖಾರ ತಿನ್ನಲಾಗದೆ ನಾನು ತಟ್ಟೆ ತಳ್ಳಿದರೆ, ಅಕ್ಕ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಎದುರಿಗೆ ನಿಲ್ಲುತ್ತಿದ್ದಳು. ನನಗೆ ಏನೂ ಮಾಡಲು ಬಿಡುತ್ತಿರಲಿಲ್ಲ. "ಜ್ವರಕ್ಕೆ ಕೂತಿರೋ ಹುಳ ಇವನು. ಯಾರೂ ಮುಟ್ಬೇಡಿ, ಕೂಗ್ಬೇಡಿ," ಎಂದು ಮನೆಗೆಲ್ಲ ಅಪ್ಪಣೆ. ಕೂಗುತ್ತಿದ್ದವಳು ಅವಳೊಬ್ಬಳೇ.

ರಕ್ತ ಪರೀಕ್ಷೆಗೆ ಕೋಲಾರಕ್ಕೆ ಹೋಗಿ ಬರುತ್ತಿದ್ದೆವು. ಒಂದು ಸಲ ಕ್ರಿಯಾಟಿನಿನ್ ಏರಿತು. ಅದು ಏರಿದರೆ ಕಿಡ್ನಿ ಕಷ್ಟದಲ್ಲಿದೆ ಎಂದು ಅರ್ಥ, ನಮಗೆಲ್ಲ ಅದು ಬಾಯಿಪಾಠ. ಮತ್ತೆ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ನೀರು ಚೆನ್ನಾಗಿ ಕುಡಿಯಿರಿ ಎಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಮಾತೇ ಆಡಲಿಲ್ಲ. ಕಂಡಕ್ಟರ್ ಗುರುತಿನವನು, "ಏನಮ್ಮಾ, ಗಂಟಲು ಕೆಟ್ಟೈತಾ?" ಎಂದು ಕೇಳಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅಕ್ಕ ಸೀಟಿನಲ್ಲಿ ಪಕ್ಕಕ್ಕೆ ತಿರುಗಿ, ಯಾರಿಗೂ ಕಾಣದ ಹಾಗೆ, ಅಂಗಿಯ ಮೇಲಿನಿಂದ ನನ್ನ ಹೊಟ್ಟೆಯ ಬಲಭಾಗದ ಮೇಲೆ ಕೈಯಿಟ್ಟಳು.

"ಮುನಿಸ್ಕೊಂಡಿದೀಯೇನಮ್ಮಾ?" ಅಂದಳು. ನನ್ನನ್ನಲ್ಲ. "ಅವನು ಸಿಟ್ಟಿನವನು, ನಿಜ. ಆದ್ರೂ ಒಳ್ಳೇವ್ನು. ಸ್ವಲ್ಪ ಸರಿಹೋಗು."

ಮುಂದಿನ ಪರೀಕ್ಷೆಯಲ್ಲಿ ಇಳಿದಿತ್ತು. ಅದರ ಮುಂದಿನದರಲ್ಲಿ ಮಾಮೂಲಿಗೆ ಬಂದಿತ್ತು. ನೀರು ಕಡಿಮೆಯಾಗಿತ್ತು ಅಷ್ಟೇ ಎಂದರು ಡಾಕ್ಟರು. "ಬೈದಿದ್ದು ಕೇಳಿಸ್ತು ಅವಳಿಗೆ," ಎಂದಳು ಅಕ್ಕ. ಬೈದಿರಲಿಲ್ಲ, ಬೇಡಿಕೊಂಡಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಕಲೆಯ ಸುತ್ತ ಕೋಲಾರದ ಡಾಕ್ಟರಮ್ಮ ಪೆನ್ನಿನಿಂದ ಗೆರೆ ಎಳೆದು, ಇದರ ಆಚೆ ಹರಡಿದರೆ ಬನ್ನಿ ಎಂದಿದ್ದರು. ಗೆರೆ ಅಳಿಸಿದಾಗಲೆಲ್ಲ ಅಕ್ಕ ಅದೇ ಜಾಗದಲ್ಲಿ ಮತ್ತೆ ಎಳೆಯುತ್ತಿದ್ದಳು. ಗದ್ದೆಯ ಬದುವಿಗೆ ಕಲ್ಲು ನೆಟ್ಟವರ ಹಾಗೆ, ಪಕ್ಕದವನು ಒತ್ತುವರಿ ಮಾಡಿದನೋ ಎಂದು ಬೆಳಗ್ಗೆ ಬೆಳಗ್ಗೆ ಬಂದು ನೋಡುವಳು. ಒತ್ತುವರಿಯಾಗಲಿಲ್ಲ. ಬಹಳ ದಿನ ಹಿಂದಕ್ಕೂ ಹೋಗಲಿಲ್ಲ.

ಆಮೇಲಿನ ಒಂದು ಬೆಳೆಯಲ್ಲಿ ಹುಳ ಸೊಪ್ಪು ಬಿಟ್ಟು, ನೂಲು ತೆಗೆಯುವಷ್ಟು ಹಣ್ಣಾಗಿ, ಚಂದ್ರಿಕೆಗೆ ಬಿಡುವ ದಿನ. ಹಣ್ಣಾದ ಹುಳಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟೆಗೆ ಬಿಡುವ ಕೆಲಸ, ಮನೆ ತುಂಬ ಆಳು, ಯಾರಿಗೂ ಕೂರಲು ಪುರುಸೊತ್ತಿಲ್ಲ. ನಾನು ಚಪ್ಪಲಿ ಬಿಟ್ಟು ಕಾಲು ತೊಳೆದು ಹೊಸಿಲಿನ ಹತ್ತಿರ ನಿಂತಿದ್ದೆ. ಅಕ್ಕ ಎರಡು ಕೈಯಲ್ಲೂ ಹುಳ ತುಂಬಿಕೊಂಡು ಬಂದವಳು ನನ್ನ ಕಾಲು ನೋಡಿ ಅಲ್ಲೇ ನಿಂತಳು.

"ಅಮರಾ! ಗೆರೆ ಒಳಗೆ ಖಾಲಿ ಐತೆ ಕಣೋ!"

ಬಗ್ಗಿ ನೋಡಿದೆ. ಗೆರೆ ಅಲ್ಲೇ ಇತ್ತು. ಒಳಗಿನ ನೇರಳೆ ಬಣ್ಣ ಅಂಚುಗಳಿಂದ ಸರಿದು, ನಡುವೆ ತಿಳಿ ಕಂದು ಬಣ್ಣದ ಒಂದು ನೆರಳು ಉಳಿದಿತ್ತು. ಬಲಗಾಲಿನ ಗುಲಗಂಜಿ ಎಲ್ಲಿತ್ತು ಎಂದು ಹುಡುಕಬೇಕಾಯಿತು. ಅಕ್ಕ ಕೈಯಲ್ಲಿದ್ದ ಹುಳಗಳನ್ನು ಭಾವನ ಕೈಗೆ ಸುರಿದು, ನನ್ನ ಕಾಲನ್ನು ಮತ್ತೆ ಹಾಗೇ ಎತ್ತಿ ಹಿಡಿದಳು. ನಾನು ಬೀಳುವುದೊಂದು ಬಾಕಿ.

"ಬನ್ರಮ್ಮಾ! ಎಲ್ರೂ ಬನ್ನಿ! ನೋಡ್ರಿ!"

ಮುನಿಶಾಮಮ್ಮ ಬಂದು ನೋಡಿ, "ಅಂತೂ ಅಣ್ಣಯ್ಯ ಕಾಲು ತೊಳ್ಕೊಂಡ್ರು," ಅಂದಳು. ಆ ದಿನ ನಾನೂ ನಕ್ಕೆ. ಪದ್ಮ ಬಾಗಿಲಿಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಕ್ಕ ಅವಳಿಗೂ ಬೈದಳು: "ಅಳೋದು ಆಮೇಲೆ ಕಣೇ, ಹುಳ ಕೆಳಗೆ ಬೀಳ್ತಾ ಐತೆ, ಆರಿಸು!" ಡಾಕ್ಟರು ನೋಡಿ, ಇನ್ನೂ ಕಣ್ಣಿಟ್ಟಿರಬೇಕು, ಆದರೆ ಕಲೆ ಇಳಿದಿದೆ, ಕಿಡ್ನಿಯೂ ಚೆನ್ನಾಗಿದೆ ಎಂದರು. ಕೂಲಿಯವರಿಗೂ ಸೇರಿಸಿ ಒಬ್ಬಟ್ಟಿನ ಊಟವಾಯಿತು.

ಊಟದ ಮರುದಿನ ಅಕ್ಕ ಹೊಸ ವಿಚಾರ ತೆಗೆದಳು.

"ಅಮರಾ, ಚಿಕ್ಕತಿರುಪತಿಗೆ ಹೋಗಿ ಬರಬೇಕು. ಹರಕೆ ಐತೆ."

"ಹೋಗೋಣ. ಏನು ಹರಕೆ?"

"ಮಾತ್ರೆ ಬದಲಾಯಿಸಿದ ದಿನ ಹೊತ್ಕೊಂಡೆ. ಮುಡಿ."

"ಯಾರ ಮುಡಿ?"

"ನಿಂದು."

ಅಲ್ಲಿದ್ದವರೆಲ್ಲ ನನ್ನ ತಲೆ ನೋಡಿದರು. ಮದುವೆಯಾದ ಹೊಸದರಲ್ಲೇ ನನ್ನ ತಲೆ ಬೋಳಾಗಿದೆ. ಕಿವಿಯ ಮೇಲೆ ಒಂದೆರಡು ಎಳೆ ಇರಬಹುದು.

"ತಲೇಲಿ ಏನೈತೆ ಅಕ್ಕಾ ಕೊಡೋಕೆ?"

"ಅದಕ್ಕೇ ಮೀಸೆ ಅಂತ ಹೇಳ್ಕೊಂಡಿದೀನಿ."

ಮೀಸೆ! ನನ್ನ ಮುಖದಲ್ಲಿ ನೋಡುವಂಥದ್ದು ಇದ್ದರೆ ಅದೊಂದೇ. ಎಣ್ಣೆ ಹಚ್ಚಿ, ತುದಿ ತಿರುವಿ, ಇಷ್ಟು ವರ್ಷ ಕಾಪಾಡಿದ್ದೇನೆ. ಎರಡು ಕೈಯಿಂದಲೂ ಮೀಸೆ ಮುಚ್ಚಿಕೊಂಡೆ.

"ನನ್ನ ಮೀಸೆಗೆ ಹರಕೆ ಹೊರೋಕೆ ನೀನ್ಯಾರು? ಕಿಡ್ನಿ ನಿಂದು, ಒಪ್ಕೋತೀನಿ. ಮೀಸೆ ನಂದು!"

"ದೇವರ ಹತ್ರ ಮಾತು ಕೊಟ್ಟಾಗೋಗೈತೆ ಕಣೋ."

"ಕೊಟ್ಟೋರು ತೀರಿಸ್ಲಿ!"

ಅಕ್ಕ ಆಗ್ಲಿ ಎಂದು ಎದ್ದು ಒಳಗೆ ಹೋದಳು. ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನಾನು ಹುಷಾರಾಗಬೇಕಿತ್ತು. ಎರಡು ದಿನ ಕಳೆದು ಮುನಿಶಾಮಮ್ಮನನ್ನು ಜೊತೆ ಮಾಡಿಕೊಂಡು ಮಾಲೂರಿನ ಬಸ್ಸು ಹತ್ತಿದಳು. ಸಂಜೆ ವಾಪಸ್ ಬಂದಾಗ ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದಿದ್ದಳು. ಜಗಲಿಯಲ್ಲಿ ಭಾವ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಅಕ್ಕ ಸೆರಗು ತೆಗೆದಳು. ನುಣ್ಣನೆ ತಲೆ, ಅದರ ಮೇಲೆ ಗಂಧ. ಈ ವಯಸ್ಸಿಗೂ ತೊಡೆಗೆ ಬರುವ ಜಡೆ ಅವಳದಾಗಿತ್ತು. ಊರಿನ ಹೆಣ್ಣುಮಕ್ಕಳು ಎಣ್ಣೆ ಯಾವುದು ಎಂದು ಕೇಳಿಕೊಂಡು ಬರುತ್ತಿದ್ದರು.

ಭಾವ ತಲೆ ಎತ್ತಿ ನೋಡಿ, "ಯಾರಮ್ಮಾ ನೀವು? ಯಾರು ಬೇಕಾಗಿತ್ತು?" ಅಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಆಡಿದ ಮೊದಲ ತಮಾಷೆ ಅದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪದ್ಮ ನಕ್ಕಳು. ನನಗೆ ಮಾತ್ರ ಸಿಟ್ಟು ಬಂತು.

"ಏನ್ ಮಾಡ್ಬಿಟ್ಟೆ ಅಕ್ಕಾ! ಮೀಸೆಗೆ ಬದಲು ಒಂದು ಎಳೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

"ನಾನೂ ಕೇಳ್ದೆ. ನನ್ನ ತಮ್ಮ ಕೊಡಲ್ಲ ಅಂತಾನೆ, ಬದಲಿಗೆ ಎಷ್ಟು ಕೊಡ್ಲಿ ಅಂತ. ದೇವರು ಏನೂ ಹೇಳ್ಲಿಲ್ಲ. ಕಡಿಮೆ ಕೊಟ್ಟು ಆಮೇಲೆ ತಕರಾರು ಯಾಕೆ ಅಂತ ಎಲ್ಲಾ ಕೊಟ್ಬಿಟ್ಟೆ. ತಣ್ಣಗೈತೆ ಕಣೋ ತಲೆ! ನೀನು ಇಷ್ಟು ವರ್ಷ ಈ ಸುಖ ಒಬ್ನೇ ಅನುಭವಿಸ್ತಾ ಇದ್ದಾ?"

ಆಮೇಲೆ ಬೆರಳೆತ್ತಿ ಹೇಳಿದಳು: "ದೇವರದು ಚುಕ್ತಾ ಆಯ್ತು. ನೀನು ಈಗ ನನಗೆ ಒಂದು ಜಡೆ ಬಾಕಿ."

ಕಿಡ್ನಿಯ ವಿಚಾರದಲ್ಲಿ ಅವಳು ಒಂದು ದಿನವೂ ಬಾಕಿ ಎಂಬ ಮಾತು ಆಡಿಲ್ಲ, ನನಗೂ ಆಡಲು ಬಿಟ್ಟಿಲ್ಲ. ಜಡೆಯದನ್ನು ಮಾತ್ರ ಬಿಡಲಿಲ್ಲ. ಬಾವಿಯ ಹತ್ತಿರ ಹೇಳಿದಳು, ಹಾಲಿನ ಡೈರಿಯಲ್ಲಿ ಹೇಳಿದಳು. ಸಹಿಸಲಾರದೆ ಒಂದು ಭಾನುವಾರ ವಕ್ಕಲೇರಿಯ ಕಟಿಂಗ್ ಶಾಪಿಗೆ ಹೋಗಿ ಕುರ್ಚಿಯಲ್ಲಿ ಕೂತು, "ಮೀಸೆ ತೆಗಿ," ಅಂದೆ. ಅಂಗಡಿಯವನು ಕದಿರೇಶ ನಂಬಲಿಲ್ಲ. ಎರಡು ಸಲ ಕೇಳಿ, ನೊರೆ ಹಚ್ಚಿ, ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. ಕತ್ತಿಗೆ ಬ್ಲೇಡು ಹಾಕುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು.

"ಏನ್ಲಾ, ನನ್ನ ಕೇಳ್ದೆ ಮೀಸೆ ತೆಗೀತಿದೀಯಂತೆ?"

"ನಿನ್ನ ಬಾಕಿ ತೀರಿಸ್ತಿದೀನಿ ಅಕ್ಕಾ!"

"ಜಡೆಗೆ ಮೀಸೆ ಸಮ ಆಗ್ತದೇನೋ? ಮುಟ್ಬೇಡ. ಬಾಕಿ ಹಂಗೇ ಇರ್ಲಿ. ಸೊಪ್ಪಿಗೆ ಇವತ್ತು ಆಳು ಬಂದಿಲ್ಲ, ಎದ್ದು ಬಾ. ಚಪ್ಪಲಿ ಹಾಕ್ಕೊಂಡು ಬಾ."

ನೊರೆ ಒರೆಸಿಕೊಂಡು ಎದ್ದು ಬಂದೆ. ಈಗ ಅವಳ ಕೂದಲು ಕಿವಿಯವರೆಗೆ ಬಂದಿದೆ. ಯಾರಾದರೂ ಹೊಸಬರು ಮನೆಗೆ ಬಂದು, ಯಾಕಮ್ಮ ಕೂದಲು ಇಷ್ಟು ಗಿಡ್ಡ ಎಂದು ಕೇಳಿದರೆ, ಹುಳದ ಮನೆಯಲ್ಲಿರುವ ನನಗೂ ಕೇಳುವಷ್ಟು ಜೋರಾಗಿ ಹೇಳುತ್ತಾಳೆ: "ನನ್ನ ತಮ್ಮ ಕೊಡ್ಬೇಕು ಕಣ್ರೀ. ಕೇಳಿದ್ರೆ ಸಿಟ್ಟು ಮಾಡ್ಕೋತಾನೆ."